ಹೆಡ್‌ಫೋನ್ ತೆಗೆದ ಬಳಿಕ ಲ್ಯಾಪ್‌ಟಾಪಿನ ಧ್ವನಿ ನಿಂತಾಗ: ಅನುಸರಿಸಬೇಕಾದ ಕ್ರಮ

(ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳ ಮೇಲ್ವಿಚಾರಕರು ಹಾಗೂ ಡೇಟಾ ಎಂಟ್ರಿ ಆಪರೇಟರುಗಳ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಇಂದಿನ ವಿಷಯ ಮೇಲ್ನೋಟಕ್ಕೆ ಅತ್ಯಲ್ಪವಾದುದು. ಲ್ಯಾಪ್‌ಟಾಪಿಗೆ ಹೆಡ್‌ಫೋನ್ ಜೋಡಿಸಿ ಬಳಸಿದ ಮೇಲೆ ಅದನ್ನು ತೆಗೆದರೆ, ಧ್ವನಿ ತಾನಾಗಿಯೇ ಲ್ಯಾಪ್‌ಟಾಪಿನ ಸ್ಪೀಕರಿಗೆ ಮರಳಬೇಕು. ಕೆಲವೊಮ್ಮೆ ಮರಳುವುದಿಲ್ಲ. ಯಂತ್ರ ಮೂಕವಾಗುತ್ತದೆ. ಇದಕ್ಕೆ ಒಂದು ಉಪನ್ಯಾಸ ಬೇಕೇ ಎಂಬ ಪ್ರಶ್ನೆ ಸಹಜ. ಆದಕಾರಣ ಮೊದಲು ಒಂದು ಗ್ರಾಮ ಪಂಚಾಯಿತಿಯಲ್ಲಿ ನಡೆದ ಸಂಗತಿಯನ್ನು ತಿಳಿಯುವುದು ಯುಕ್ತ.

ಆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಬೆಳಿಗ್ಗೆ ಮಕ್ಕಳು ಅದರಲ್ಲಿ ಕಥೆಯ ವಿಡಿಯೋ ನೋಡುತ್ತಾರೆ. ಮಧ್ಯಾಹ್ನದ ನಂತರ ಪಕ್ಕದ ಊರಿನ ಒಬ್ಬ ಪದವೀಧರೆ ಸ್ಪರ್ಧಾತ್ಮಕ ಪರೀಕ್ಷೆಯ ಸಿದ್ಧತೆಗಾಗಿ ಅದನ್ನು ಬಳಸುತ್ತಾಳೆ. ಆಕೆಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವು ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುತ್ತದೆ. ಆಕೆ ಕೇಳಿಸಿಕೊಂಡು ಓದುತ್ತಾಳೆ. ಉಳಿದ ಓದುಗರಿಗೆ ತೊಂದರೆಯಾಗಬಾರದೆಂದು ಮನೆಯಿಂದಲೇ ಹೆಡ್‌ಫೋನ್ ತಂದು ಜೋಡಿಸಿಕೊಳ್ಳುತ್ತಾಳೆ; ಸಂಜೆ ಕಿತ್ತು ಬಟ್ಟೆಯ ಚೀಲದಲ್ಲಿಟ್ಟುಕೊಂಡು ತಾಯಿಯೊಡನೆ ಮನೆಗೆ ಹೋಗುತ್ತಾಳೆ.

ಒಂದು ದಿನ ಬೆಳಿಗ್ಗೆ ಮೇಲ್ವಿಚಾರಕಿಯವರು ಮಕ್ಕಳಿಗೆ ವಿಡಿಯೋ ಹಾಕಿದರು. ಚಿತ್ರ ಬಂದಿತು, ಧ್ವನಿ ಬರಲಿಲ್ಲ. ಧ್ವನಿಯ ಪ್ರಮಾಣ ಪೂರ್ತಿ ಹೆಚ್ಚಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಯಂತ್ರ ಕೆಟ್ಟಿದೆ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಧ್ಯಾಹ್ನ ಬಂದ ಯುವತಿಗೆ, "ಲ್ಯಾಪ್‌ಟಾಪ್ ಕೆಟ್ಟೋಗಿದೆ ಕಣಮ್ಮಾ, ರಿಪೇರಿಗೆ ಕಳಿಸಬೇಕು" ಎಂದರು. ಆಕೆ ಮರುಮಾತಾಡದೆ ಹಿಂದಿರುಗಿದಳು. ಪರೀಕ್ಷೆಗೆ ಉಳಿದಿದ್ದುದು ಒಂದೇ ತಿಂಗಳು.

ಲ್ಯಾಪ್‌ಟಾಪ್ ತಾಲ್ಲೂಕು ಕೇಂದ್ರದ ಒಂದು ದುರಸ್ತಿ ಅಂಗಡಿಗೆ ಹೋಯಿತು. ಬೋರ್ಡು ಹೋಗಿದೆ, ಬದಲಾಯಿಸಬೇಕು ಎಂಬ ಅಂದಾಜು ಪಟ್ಟಿ ಬಂದಿತು. ಅಷ್ಟು ಹಣಕ್ಕೆ ಅನುಮೋದನೆ ದೊರೆಯದ ಕಾರಣ ಯಂತ್ರವನ್ನು ಹಾಗೆಯೇ ಮರಳಿ ತರಲಾಯಿತು. ಅದು ಹನ್ನೊಂದನೆಯ ದಿನ. ವಿಚಾರಿಸಿಕೊಂಡು ಹೋಗಲು ಬಂದಿದ್ದ ಯುವತಿ ಒಂದೇ ಒಂದು ಮಾತು ಕೇಳಿದಳು: "ಅಕ್ಕಾ, ಹೆಡ್‌ಫೋನ್ ಹಾಕಿ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಆಕೆ ಚೀಲದಿಂದ ಹೆಡ್‌ಫೋನ್ ತೆಗೆದು, ಕೈಯಿಂದ ತಡವಿ ರಂಧ್ರವನ್ನು ಗುರುತಿಸಿ ಜೋಡಿಸಿದಳು. ಕಂಪ್ಯೂಟರ್ ಮಾತನಾಡಿತು. ಹನ್ನೊಂದು ದಿನವೂ ಅದು ಆಕೆಯ ಪಾಲಿಗೆ ಸರಿಯಾಗಿಯೇ ಇದ್ದಿತು. ಬೇರೆಯವರಿಗೆ ಕೇಳದ ಕಾರಣ ಆಕೆಗೂ ಕೇಳದು ಎಂದು ಭಾವಿಸಲಾಗಿತ್ತು, ಅಷ್ಟೆ.

ಇಂದಿನ ಉಪನ್ಯಾಸದ ಅಗತ್ಯ ಇಷ್ಟರಿಂದಲೇ ಸ್ಪಷ್ಟವಾಗುತ್ತದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016, ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ವಿಕಲಚೇತನರೂ ಬಳಸಲು ಸಾಧ್ಯವಾಗುವಂತೆ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. ಆ ಮಾತು ಕಟ್ಟಕಡೆಗೆ ಜಾರಿಯಾಗುವುದು ಅರಿವು ಕೇಂದ್ರದ ಮೇಜಿನ ಮೇಲೆ, ಮೂರೂವರೆ ಮಿಲಿಮೀಟರ್ ಅಗಲದ ಒಂದು ರಂಧ್ರದಲ್ಲಿ.

ರಂಧ್ರದೊಳಗೆ ನಡೆಯುವುದೇನು?

ಹೆಡ್‌ಫೋನಿನ ಲೋಹದ ಕಡ್ಡಿಯನ್ನು ಗಮನಿಸಿದರೆ ಅದರ ಮೇಲೆ ಎರಡು ಅಥವಾ ಮೂರು ಕಪ್ಪು ಪಟ್ಟಿಗಳು ಕಾಣುತ್ತವೆ. ಆ ಪಟ್ಟಿಗಳು ಲೋಹವನ್ನು ಭಾಗಗಳಾಗಿ ಬೇರ್ಪಡಿಸುತ್ತವೆ. ತುದಿಯ ಭಾಗ ಎಡಗಿವಿಗೆ, ಅದರ ಹಿಂದಿನದು ಬಲಗಿವಿಗೆ. ಎರಡು ಪಟ್ಟಿಯಿದ್ದರೆ ಉಳಿದ ಭಾಗ ಎರಡಕ್ಕೂ ಸಾಮಾನ್ಯವಾದ ತಂತಿಗೆ. ಮೂರು ಪಟ್ಟಿಯಿದ್ದರೆ ಹೆಚ್ಚಿನ ಒಂದು ಭಾಗ ಮೈಕಿಗೆ. 19ನೆಯ ಶತಮಾನದ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕರೆಗಳನ್ನು ಜೋಡಿಸುತ್ತಿದ್ದ ದಪ್ಪ ಕಡ್ಡಿಯ ಕಿರಿಯ ರೂಪವೇ ಇದು.

ರಂಧ್ರದೊಳಗೆ ಸ್ಪ್ರಿಂಗಿನಂತೆ ಬಾಗುವ ತೆಳುವಾದ ಲೋಹದ ಎಲೆಗಳಿವೆ. ಕಡ್ಡಿ ಒಳಹೊಕ್ಕಾಗ ಎಲೆಗಳು ಸರಿದು ಅದನ್ನು ಹಿಡಿದುಕೊಳ್ಳುತ್ತವೆ. ಇವುಗಳ ಪೈಕಿ ಒಂದು ಎಲೆ ಸ್ವಿಚ್ಚಿನ ಕೆಲಸ ಮಾಡುತ್ತದೆ. ಹಳೆಯ ರೇಡಿಯೋಗಳಲ್ಲಿ ಸ್ಪೀಕರಿಗೆ ಹೋಗುವ ಧ್ವನಿ ಈ ಎಲೆಯ ಮೂಲಕವೇ ಹಾದು ಹೋಗುತ್ತಿತ್ತು. ಕಡ್ಡಿ ತೂರಿಸಿದರೆ ಎಲೆ ಸರಿದು ಸ್ಪೀಕರಿನ ದಾರಿ ಕಡಿಯುತ್ತಿತ್ತು. ಇಂದಿನ ಲ್ಯಾಪ್‌ಟಾಪಿನಲ್ಲಿ ಎಲೆ ಕೇವಲ ಸುದ್ದಿ ಮುಟ್ಟಿಸುತ್ತದೆ. "ಕಡ್ಡಿ ಬಂದಿದೆ" ಅಥವಾ "ಕಡ್ಡಿ ಹೋಗಿದೆ" ಎಂಬ ಸುದ್ದಿ ಧ್ವನಿಯ ಚಿಪ್ಪಿಗೆ ತಲುಪುತ್ತದೆ. ಚಿಪ್ಪು ಅದನ್ನು ಡ್ರೈವರ್ ಎಂಬ ತಂತ್ರಾಂಶಕ್ಕೆ ತಿಳಿಸುತ್ತದೆ. ಡ್ರೈವರ್ ಸ್ಪೀಕರನ್ನು ಮುಚ್ಚುತ್ತದೆ ಅಥವಾ ತೆರೆಯುತ್ತದೆ.

ಹೀಗಾಗಿ ಹೆಡ್‌ಫೋನ್ ತೆಗೆದ ಮೇಲೆ ಧ್ವನಿ ಬಾರದಿದ್ದರೆ ತಪ್ಪು ಮೂರು ಸ್ಥಳಗಳಲ್ಲಿ ಒಂದರಲ್ಲಿರುತ್ತದೆ. ಮೊದಲನೆಯದು, ಆಯ್ಕೆ: ಸುದ್ದಿ ಸರಿಯಾಗಿ ತಲುಪಿದೆ, ಆದರೆ ಧ್ವನಿಯನ್ನು ಬೇರೆಡೆಗೆ ಕಳುಹಿಸುವಂತೆ ಅಥವಾ ಮುಚ್ಚುವಂತೆ ಯಾರೋ ಹೇಳಿಟ್ಟಿದ್ದಾರೆ. ಎರಡನೆಯದು, ತಂತ್ರಾಂಶ: ಡ್ರೈವರ್ ಸುದ್ದಿಯನ್ನು ತಪ್ಪಿಸಿಕೊಂಡಿದೆ. ಮೂರನೆಯದು, ಲೋಹ: ಎಲೆ ಸಿಕ್ಕಿಕೊಂಡಿದೆ, ಸುದ್ದಿಯೇ ಹೊರಟಿಲ್ಲ. ಈ ಮೂರರ ನಂತರವೇ ಬೋರ್ಡಿನ ಮಾತು.

ಮೊದಲ ಪರೀಕ್ಷೆ: ಮತ್ತೆ ಜೋಡಿಸಿ ಕೇಳುವುದು

ಯಾವುದೇ ಸೆಟ್ಟಿಂಗ್ ಮುಟ್ಟುವ ಮುನ್ನ ಹೆಡ್‌ಫೋನನ್ನು ಪುನಃ ಜೋಡಿಸಿ ಕೇಳಬೇಕು. ಆ ಯುವತಿ ಮಾಡಿದ ಪರೀಕ್ಷೆ ಇದೇ. ಇದರ ಮಹತ್ವ ದೊಡ್ಡದು. ಹೆಡ್‌ಫೋನಿನಲ್ಲಿ ಧ್ವನಿ ಕೇಳಿಬಂದರೆ ಧ್ವನಿಯ ಚಿಪ್ಪು ಜೀವಂತವಾಗಿದೆ, ಡ್ರೈವರ್ ಕೆಲಸ ಮಾಡುತ್ತಿದೆ, ವಿಡಿಯೋ ತಂತ್ರಾಂಶವೂ ಸರಿಯಿದೆ ಎಂದು ಒಮ್ಮೆಗೇ ಸಿದ್ಧವಾಗುತ್ತದೆ. ಉಳಿಯುವುದು ಸ್ಪೀಕರಿಗೆ ತಿರುಗಬೇಕಾದ ಕಡೆಯ ತಿರುವು ಮಾತ್ರ. ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತಿರುವಾಗ ಬೋರ್ಡು ಪೂರ್ತಿ ಹೋಗಿದೆ ಎಂಬ ಮಾತನ್ನು ಪರಿಶೀಲಿಸದೆ ಒಪ್ಪತಕ್ಕದ್ದಲ್ಲ.

ಇನ್ನೂ ಒಂದು ಲಾಭವಿದೆ. ಹೆಡ್‌ಫೋನಿನಲ್ಲಿ ಕೇಳುತ್ತದೆಯೆಂದಾದರೆ ಆ ಯಂತ್ರವನ್ನು ದೃಷ್ಟಿಯಿಲ್ಲದ ಓದುಗರಿಗೆ ಆ ಕ್ಷಣದಿಂದಲೇ ಕೊಡಬಹುದು. ಸ್ಪೀಕರಿನ ದುರಸ್ತಿ ನಿಧಾನವಾಗಿ ಆಗಲಿ.

ಎರಡೂ ಕಡೆ ಧ್ವನಿ ಬಾರದಿದ್ದರೆ ಬೇರೆ ಹೆಡ್‌ಫೋನ್ ಜೋಡಿಸಿ ಇನ್ನೊಮ್ಮೆ ನೋಡಬೇಕು. ಹೆಡ್‌ಫೋನಿನ ತಂತಿ ಕಡ್ಡಿಯ ಬುಡದಲ್ಲಿ ತುಂಡಾಗುವುದು ಬಹಳ ಸಾಮಾನ್ಯ.

ಎರಡನೆಯ ಪರೀಕ್ಷೆ: ಧ್ವನಿ ಎಲ್ಲಿಗೆ ಹೋಗುತ್ತಿದೆ?

ಈಗ ಹೆಡ್‌ಫೋನ್ ತೆಗೆದು, ಏನೂ ಜೋಡಿಸದ ಸ್ಥಿತಿಯಲ್ಲಿ ಯಂತ್ರ ಏನು ಹೇಳುತ್ತದೆಂದು ನೋಡಬೇಕು. ಪರದೆಯ ಬಲಭಾಗದ ಕೆಳಮೂಲೆಯಲ್ಲಿರುವ ಸ್ಪೀಕರ್ ಚಿಹ್ನೆಯನ್ನು ಒತ್ತಿದರೆ ಧ್ವನಿ ಹೋಗುತ್ತಿರುವ ಸಾಧನದ ಹೆಸರು ಕಾಣುತ್ತದೆ. ಅದರ ಪಕ್ಕದ ಬಾಣವನ್ನು ಒತ್ತಿದರೆ ಇತರ ಸಾಧನಗಳ ಪಟ್ಟಿ ತೆರೆಯುತ್ತದೆ. ವಿಂಡೋಸ್ 11 ಇರುವಲ್ಲಿ ವಿಂಡೋಸ್, ಕಂಟ್ರೋಲ್ ಮತ್ತು ವಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಈ ಪಟ್ಟಿ ಬರುತ್ತದೆ. ಇಲ್ಲಿ ಕಾಣುವುದು ನಾಲ್ಕು ಬಗೆ.

ಒಂದು, ಪಟ್ಟಿಯಲ್ಲಿ ಸ್ಪೀಕರ್ ಇದೆ, ಆದರೆ ಆಯ್ಕೆಯಾಗಿರುವುದು ಬೇರೆ ಸಾಧನ. ಹಿಂದಿನ ದಿನದ ಸಭೆಯ ಪ್ರೊಜೆಕ್ಟರ್ ಅಥವಾ ಟಿವಿಯ ಎಚ್‌ಡಿಎಂಐ ತಂತಿ ಇನ್ನೂ ಜೋಡಣೆಯಲ್ಲಿರಬಹುದು. ಯಾರದೋ ಬ್ಲೂಟೂತ್ ಹೆಡ್‌ಫೋನ್ ಚೀಲದೊಳಗಿಂದಲೇ ಸಂಪರ್ಕದಲ್ಲಿರಬಹುದು. ಸ್ಪೀಕರನ್ನು ಆಯ್ದರೆ ಕೆಲಸ ಮುಗಿಯಿತು.

ಎರಡು, ಸ್ಪೀಕರ್ ಆಯ್ಕೆಯಾಗಿದೆ, ಆದರೆ ಪ್ರಮಾಣ ಸೊನ್ನೆಯಲ್ಲಿದೆ ಅಥವಾ ಮ್ಯೂಟ್ ಆಗಿದೆ. ಸ್ಪೀಕರಿಗೂ ಹೆಡ್‌ಫೋನಿಗೂ ಬೇರೆ ಬೇರೆ ಪ್ರಮಾಣವನ್ನು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ತಿಂಗಳ ಹಿಂದೆ ಸ್ಪೀಕರನ್ನು ಮುಚ್ಚಿ, ಅಲ್ಲಿಂದೀಚೆಗೆ ಹೆಡ್‌ಫೋನನ್ನೇ ಬಳಸಿದ್ದರೆ ಆ ಮ್ಯೂಟ್ ಹೆಡ್‌ಫೋನ್ ತೆಗೆದ ದಿನ ಬೆಳಕಿಗೆ ಬರುತ್ತದೆ. ದೋಷ ಹಳೆಯದು, ಕಂಡದ್ದು ಮಾತ್ರ ಇಂದು.

ಮೂರು, ಏನೂ ಜೋಡಿಸದಿದ್ದರೂ ಯಂತ್ರ "ಹೆಡ್‌ಫೋನ್" ಎಂದೇ ತೋರಿಸುತ್ತದೆ. ಕಡ್ಡಿ ಇನ್ನೂ ಒಳಗಿದೆಯೆಂದು ಯಂತ್ರ ನಂಬಿದೆ ಎಂದರ್ಥ. ಇದು ತಂತ್ರಾಂಶದ ಅಥವಾ ಲೋಹದ ದೋಷ. ಕೆಲವು ಲ್ಯಾಪ್‌ಟಾಪುಗಳು ಎರಡನ್ನೂ ಒಂದೇ ಹೆಸರಿನಲ್ಲಿ "ಸ್ಪೀಕರ್ ಅಥವಾ ಹೆಡ್‌ಫೋನ್" ಎಂದು ತೋರಿಸುತ್ತವೆ. ಅಂತಹವುಗಳಲ್ಲಿ ಹೆಸರು ನೋಡಿ ನಿರ್ಧರಿಸಲಾಗದು, ಮುಂದಿನ ಹಂತಗಳನ್ನು ಕ್ರಮವಾಗಿ ಮಾಡಿ ನೋಡಬೇಕು.

ನಾಲ್ಕು, ಯಾವ ಸಾಧನವೂ ಇಲ್ಲ ಎಂಬ ಸಂದೇಶ ಬರುತ್ತದೆ, ಚಿಹ್ನೆಯ ಮೇಲೆ ಕೆಂಪು ಗುರುತಿರುತ್ತದೆ. ಇದು ಡ್ರೈವರ್ ಅಥವಾ ಧ್ವನಿಯ ಸೇವೆ ನಿಂತಿರುವ ಲಕ್ಷಣ.

ವಿಡಿಯೋ ಸಂವಾದಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಭಾ ತಂತ್ರಾಂಶಗಳಿಗೆ ತಮ್ಮದೇ ಆದ ಸ್ಪೀಕರ್ ಆಯ್ಕೆ ಇರುತ್ತದೆ. ಅದರಲ್ಲಿ ಹೆಡ್‌ಫೋನ್ ಎಂದು ಆಯ್ದಿಟ್ಟಿದ್ದರೆ, ಹೆಡ್‌ಫೋನ್ ತೆಗೆದ ಮೇಲೆ ಉಳಿದೆಲ್ಲ ಕಡೆ ಧ್ವನಿ ಬಂದರೂ ಸಭೆಯಲ್ಲಿ ಮಾತ್ರ ಬಾರದಿರಬಹುದು. ಜೂಮ್‌ನಲ್ಲಿ "ಸೇಮ್ ಆಸ್ ಸಿಸ್ಟಮ್" ಎಂಬ ಆಯ್ಕೆಯಿದೆ. ಅದನ್ನೇ ಇಟ್ಟುಕೊಳ್ಳುವುದು ಕ್ಷೇಮ.

ಮೂರನೆಯ ಹಂತ: ಶಟ್‌ಡೌನ್ ಅಲ್ಲ, ರೀಸ್ಟಾರ್ಟ್

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಾಗ ಸಾಮಾನ್ಯವಾಗಿ ಯಂತ್ರ ನಿದ್ರಾವಸ್ಥೆಗೆ ಹೋಗುತ್ತದೆ. ಮುಚ್ಚಳ ಮುಚ್ಚಿದ ಮೇಲೆ ಹೆಡ್‌ಫೋನ್ ಕಿತ್ತರೆ "ಕಡ್ಡಿ ಹೋಗಿದೆ" ಎಂಬ ಸುದ್ದಿಯನ್ನು ಕೇಳಲು ಡ್ರೈವರ್ ಎಚ್ಚರವಾಗಿರುವುದಿಲ್ಲ. ಎದ್ದ ಮೇಲೆ ಪುನಃ ವಿಚಾರಿಸಿಕೊಳ್ಳಬೇಕು. ಕೆಲವು ಡ್ರೈವರುಗಳು ವಿಚಾರಿಸುವುದಿಲ್ಲ. ಆದ್ದರಿಂದ ಹೆಡ್‌ಫೋನನ್ನು ಯಂತ್ರ ಎಚ್ಚರವಿರುವಾಗ ತೆಗೆದು ಅನಂತರ ಮುಚ್ಚಳ ಮುಚ್ಚುವುದನ್ನು ರೂಢಿ ಮಾಡಿಕೊಳ್ಳಬೇಕು.

ಇಂತಹ ಸಂದರ್ಭದಲ್ಲಿ ಕಡ್ಡಿಯನ್ನು ಒಮ್ಮೆ ಪೂರ್ತಿ ತೂರಿಸಿ ತೆಗೆದರೆ ಹೊಸ ಸುದ್ದಿ ಹೊರಟು ದೋಷ ಸರಿಹೋಗಬಹುದು. ಹೋಗದಿದ್ದರೆ ಯಂತ್ರವನ್ನು ಹೊಸದಾಗಿ ಚಾಲನೆ ಮಾಡಬೇಕು. ಇಲ್ಲಿ ಬಹುತೇಕರು ಎಡವುತ್ತಾರೆ. ವಿಂಡೋಸ್ 10 ಮತ್ತು 11ರಲ್ಲಿ "ಫಾಸ್ಟ್ ಸ್ಟಾರ್ಟಪ್" ಎಂಬ ವ್ಯವಸ್ಥೆ ಸಾಮಾನ್ಯವಾಗಿ ಚಾಲ್ತಿಯಲ್ಲಿರುತ್ತದೆ. ಅದರಿಂದಾಗಿ ಶಟ್‌ಡೌನ್ ಮಾಡಿದಾಗ ಡ್ರೈವರುಗಳ ಅಂದಿನ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮರುದಿನ ಅದೇ ಸ್ಥಿತಿ ಮರಳಿ ಬರುತ್ತದೆ. ತಪ್ಪು ತಿಳಿವಳಿಕೆಯೂ ಅದರೊಂದಿಗೇ ಮರಳಬಹುದು. ರೀಸ್ಟಾರ್ಟ್ ಮಾಡಿದರೆ ಹಾಗಲ್ಲ; ಡ್ರೈವರುಗಳು ಮೊದಲಿನಿಂದ ಆರಂಭವಾಗುತ್ತವೆ. "ಮೂರು ದಿನದಿಂದ ಆಫ್ ಮಾಡಿ ಆನ್ ಮಾಡ್ತಾ ಇದ್ದೀವಿ ಸಾರ್, ಸರಿಹೋಗ್ಲಿಲ್ಲ" ಎಂಬ ದೂರಿನ ಹಿಂದೆ ಈ ಕಾರಣವಿರುವ ಸಂಭವ ಉಂಟು.

ರೀಸ್ಟಾರ್ಟಿನಿಂದಲೂ ಸರಿಹೋಗದಿದ್ದರೆ ಮೂರು ಕೆಲಸಗಳಿವೆ. ಹುಡುಕುವ ಪೆಟ್ಟಿಗೆಯಲ್ಲಿ "ಸರ್ವೀಸಸ್" ಎಂದು ಬರೆದು ತೆರೆದು, "ವಿಂಡೋಸ್ ಆಡಿಯೋ" ಮತ್ತು "ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್" ಎಂಬ ಎರಡು ಸೇವೆಗಳು ನಡೆಯುತ್ತಿವೆಯೇ ಎಂದು ನೋಡುವುದು. ನಿಂತಿದ್ದರೆ ಚಾಲನೆ ಮಾಡುವುದು. ಬಳಿಕ "ಡಿವೈಸ್ ಮ್ಯಾನೇಜರ್" ತೆರೆದು, ಧ್ವನಿ ಸಾಧನಗಳ ವಿಭಾಗದಲ್ಲಿ ಧ್ವನಿಯ ಡ್ರೈವರನ್ನು ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡುವುದು. ಡ್ರೈವರ್ ಕಡತವನ್ನೇ ಅಳಿಸಬೇಕೇ ಎಂಬ ಪ್ರಶ್ನೆ ಬಂದರೆ ಆ ಚೌಕಕ್ಕೆ ಗುರುತು ಹಾಕಬಾರದು. ಆಗ ವಿಂಡೋಸ್ ತಾನೇ ಡ್ರೈವರನ್ನು ಪುನಃ ಸ್ಥಾಪಿಸುತ್ತದೆ. ದೋಷ ಶುರುವಾದದ್ದು ಅಪ್‌ಡೇಟ್ ಒಂದರ ಮರುದಿನವಾಗಿದ್ದರೆ ಅಲ್ಲಿಯೇ ಇರುವ "ರೋಲ್ ಬ್ಯಾಕ್ ಡ್ರೈವರ್" ಆಯ್ಕೆಯಿಂದ ಹಿಂದಿನ ಡ್ರೈವರಿಗೆ ಮರಳಬಹುದು. ಹೊಸ ಡ್ರೈವರ್ ಬೇಕಾದರೆ ಲ್ಯಾಪ್‌ಟಾಪಿನ ತಳದಲ್ಲಿರುವ ಮಾದರಿ ಸಂಖ್ಯೆಯನ್ನು ಬಳಸಿ, ತಯಾರಕರ ಅಧಿಕೃತ ಜಾಲತಾಣದಿಂದಲೇ ಪಡೆಯಬೇಕು. "ಡ್ರೈವರ್ ಸರಿಪಡಿಸುತ್ತೇವೆ" ಎನ್ನುವ ಅಪರಿಚಿತ ತಂತ್ರಾಂಶಗಳನ್ನು ಪಂಚಾಯಿತಿಯ ಯಂತ್ರಕ್ಕೆ ಇಳಿಸಿಕೊಳ್ಳತಕ್ಕದ್ದಲ್ಲ. ಅದೇ ಯಂತ್ರದಲ್ಲಿ ನಾಗರಿಕರ ದಾಖಲೆಗಳಿರಬಹುದು.

ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆ ಇರುವಲ್ಲಿ ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ಔಟ್‌ಪುಟ್ ಸಾಧನವನ್ನು ನೋಡಬೇಕು. ಅಲ್ಲಿ ಸರಿಯಿದ್ದರೆ ಟರ್ಮಿನಲ್‌ನಲ್ಲಿ "ಆಲ್ಸಾಮಿಕ್ಸರ್" ತೆರೆದು, ಸ್ಪೀಕರಿನ ಕೆಳಗೆ ಎರಡು "ಎಂ" ಅಕ್ಷರಗಳಿದ್ದರೆ ಅದು ಮ್ಯೂಟ್ ಆಗಿದೆಯೆಂದು ತಿಳಿದು ಎಂ ಕೀಲಿಯನ್ನು ಒತ್ತಬೇಕು.

ನಾಲ್ಕನೆಯ ಹಂತ: ಲೋಹದ ಎಲೆ

ರೀಸ್ಟಾರ್ಟ್ ಮಾಡಿದ ಮೇಲೂ, ಏನೂ ಜೋಡಿಸದ ಯಂತ್ರ ಹೆಡ್‌ಫೋನ್ ಇದೆಯೆಂದೇ ಹೇಳುತ್ತಿದ್ದರೆ ಸಂಶಯ ರಂಧ್ರದ ಮೇಲೆ ಹೋಗಬೇಕು. ಹೊಲಗದ್ದೆಗಳ ನಡುವಿನ ಕಟ್ಟಡಗಳಲ್ಲಿ ಧೂಳು ಹೆಚ್ಚು. ಜೇಬಿನಲ್ಲೋ ಬಟ್ಟೆಯ ಚೀಲದಲ್ಲೋ ಇಟ್ಟ ಕಡ್ಡಿ ದಿನವೂ ಒಂದಿಷ್ಟು ನೂಲಿನ ಎಳೆಯನ್ನು ಒಳಕ್ಕೆ ಒಯ್ಯುತ್ತದೆ. ಪ್ರತಿ ಬಾರಿ ತೂರಿಸಿದಾಗ ಅದು ಇನ್ನಷ್ಟು ಒಳಕ್ಕೆ ಒತ್ತಲ್ಪಟ್ಟು ಎಲೆ ಸ್ವಸ್ಥಾನಕ್ಕೆ ಮರಳದಂತೆ ತಡೆಯುತ್ತದೆ.

ಶುಚಿಗೊಳಿಸುವ ಕ್ರಮ ಇಂತಿದೆ. ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ ಚಾರ್ಜರ್ ತೆಗೆಯಬೇಕು. ರಂಧ್ರ ಕೆಳಮುಖವಾಗುವಂತೆ ಹಿಡಿದು, ಟಾರ್ಚಿನ ಬೆಳಕಿನಲ್ಲಿ ಒಳಗೆ ನೋಡಬೇಕು. ಕ್ಯಾಮೆರಾ ಶುಚಿಗೊಳಿಸುವ ರಬ್ಬರ್ ಬ್ಲೋವರಿನಿಂದ ಗಾಳಿ ಹಾಯಿಸಬೇಕು. ಬಾಯಿಂದ ಊದಬಾರದು, ಉಸಿರಿನ ತೇವ ಲೋಹಕ್ಕೆ ಹಾನಿಕರ. ನಂತರ ಶುಚಿಯಾದ ಹೆಡ್‌ಫೋನ್ ಕಡ್ಡಿಯನ್ನು ತೂರಿಸಿ, ನಿಧಾನವಾಗಿ ತಿರುಗಿಸಿ ತೆಗೆಯುವುದನ್ನು ಹತ್ತು ಬಾರಿ ಮಾಡಬೇಕು. ಎಲೆಗಳ ಮೇಲೆ ಕಟ್ಟಿದ ತೆಳುವಾದ ಕಿಲುಬು ಈ ಉಜ್ಜುವಿಕೆಯಿಂದಲೇ ಹೋಗಬಹುದು. ಇಷ್ಟಕ್ಕೂ ಸರಿಹೋಗದಿದ್ದರೆ ಸಣ್ಣ ಕಡ್ಡಿಯೊಂದಕ್ಕೆ ತೆಳ್ಳಗೆ ಹತ್ತಿ ಬಿಗಿಯಾಗಿ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ಅದ್ದಿ ಒಳಭಾಗವನ್ನು ಒರೆಸಿ, ಪೂರ್ತಿ ಆರಿದ ಬಳಿಕವೇ ಯಂತ್ರವನ್ನು ಚಾಲನೆ ಮಾಡಬೇಕು.

ಮಾಡಬಾರದ್ದೂ ಅಷ್ಟೇ ಮುಖ್ಯ. ಗುಂಡುಪಿನ್ನು, ಸೂಜಿ, ಹೇರ್‌ಪಿನ್ನುಗಳಿಂದ ಕೆದಕಬಾರದು; ಎಲೆ ಒಮ್ಮೆ ಬಾಗಿದರೆ ಚಿಕ್ಕ ದೋಷ ದೊಡ್ಡದಾಗುತ್ತದೆ. ಕೊಬ್ಬರಿ ಎಣ್ಣೆ, ಯಂತ್ರದ ಎಣ್ಣೆ, ಸೀಮೆಎಣ್ಣೆ ಹಾಕಬಾರದು; ಅವು ಧೂಳನ್ನು ಇನ್ನಷ್ಟು ಅಂಟಿಸಿಕೊಳ್ಳುತ್ತವೆ. ಕಡ್ಡಿಯ ತುದಿ ಮುರಿದು ಒಳಗೇ ಉಳಿದಿರುವುದು ಕಂಡರೆ ಅದನ್ನು ಹೊರತೆಗೆಯುವ ಪ್ರಯತ್ನವನ್ನು ಕಚೇರಿಯಲ್ಲಿ ಮಾಡದೆ ದುರಸ್ತಿದಾರರಿಗೆ ಒಪ್ಪಿಸಬೇಕು. ವಾರಂಟಿ ಇರುವ ಯಂತ್ರದ ಮುಚ್ಚಳವನ್ನು ಬಿಚ್ಚಲೇಬಾರದು.

ಮೊದಲು ಹೇಳಿದ ಅರಿವು ಕೇಂದ್ರದ ಲ್ಯಾಪ್‌ಟಾಪಿನಲ್ಲಿ ದೋಷವಿದ್ದದ್ದು ಇಲ್ಲಿಯೇ. ಪಂಚಾಯಿತಿಯ ಆಪರೇಟರ್ ಟಾರ್ಚ್ ಹಿಡಿದು ನೋಡಿದಾಗ ರಂಧ್ರದ ತಳದಲ್ಲಿ ಬೂದುಬಣ್ಣದ ನೂಲಿನ ಉಂಡೆಯೊಂದು ಕಂಡಿತು. ಬ್ಲೋವರಿನ ಗಾಳಿಗೆ ಅದು ಸಡಿಲವಾಯಿತು. ಕಡ್ಡಿಯನ್ನು ನಾಲ್ಕಾರು ಬಾರಿ ತಿರುಗಿಸಿ ತೆಗೆದಾಗ ಹೊರಬಂದಿತು. ಸ್ಪೀಕರ್ ಮಾತನಾಡಿತು. ಬೋರ್ಡಿಗೆ ಕೇಳಿದ್ದ ಹಣದಲ್ಲಿ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಬೋರ್ಡು ಬದಲಿಸುವ ಮುನ್ನ

ಶುಚಿಗೊಳಿಸಿದ ಮೇಲೂ ದೋಷ ಉಳಿದರೆ ನಿರ್ಣಾಯಕವಾದ ಇನ್ನೊಂದು ಪರೀಕ್ಷೆಯಿದೆ. ಪೆನ್‌ಡ್ರೈವಿನಿಂದ ಲಿನಕ್ಸನ್ನು, ಯಂತ್ರದಲ್ಲಿ ಸ್ಥಾಪಿಸದೆ, ತಾತ್ಕಾಲಿಕವಾಗಿ ಚಾಲನೆ ಮಾಡಿ ಧ್ವನಿ ಕೇಳುವುದು. ಅಲ್ಲಿ ಸ್ಪೀಕರಿನಿಂದ ಧ್ವನಿ ಬಂದರೆ ಲೋಹವೂ ಬೋರ್ಡೂ ನಿರ್ದೋಷಿ. ತಪ್ಪು ವಿಂಡೋಸಿನ ಡ್ರೈವರಿನದು. ಅಲ್ಲಿಯೂ ಬಾರದಿದ್ದರೆ ಮಾತ್ರ ಯಂತ್ರಾಂಶದ ದುರಸ್ತಿಯ ವಿಚಾರ ಎತ್ತಬಹುದು. ಆಗಲೂ ಜ್ಯಾಕ್, ಸ್ಪೀಕರ್ ಮತ್ತು ಬೋರ್ಡ್ ಎಂಬ ಮೂರರಲ್ಲಿ ಯಾವುದು ಕೆಟ್ಟಿದೆಯೆಂದು ದುರಸ್ತಿದಾರರಿಂದ ಬರವಣಿಗೆಯಲ್ಲಿ ಪಡೆಯಬೇಕು. ಮಾದರಿಯನ್ನು ಅನುಸರಿಸಿ ಜ್ಯಾಕ್ ಮಾತ್ರ ಬದಲಿಸುವುದು ಸಾಧ್ಯವಿರುತ್ತದೆ.

ದುರಸ್ತಿ ವಿಳಂಬವಾಗುವುದಾದರೆ ಯುಎಸ್‌ಬಿ ಸೌಂಡ್ ಕಾರ್ಡ್ ಎಂಬ ಬೆರಳುದ್ದದ ಸಾಧನವನ್ನು ಬಳಸಬಹುದು. ಕೆಲವು ನೂರು ರೂಪಾಯಿಗೆ ದೊರೆಯುವ ಇದನ್ನು ಯುಎಸ್‌ಬಿ ಕಿಂಡಿಗೆ ಜೋಡಿಸಿದರೆ ಯಂತ್ರದ ಹಳೆಯ ರಂಧ್ರದ ಹಂಗು ಇರುವುದಿಲ್ಲ. ಅದೇ ಹೆಡ್‌ಫೋನನ್ನು ಇದಕ್ಕೆ ತೂರಿಸಿಕೊಳ್ಳಬಹುದು. ದಿನವೂ ಹಲವರು ಹೆಡ್‌ಫೋನ್ ಹಾಕಿ ತೆಗೆಯುವ ಅರಿವು ಕೇಂದ್ರಗಳಲ್ಲಿ ಇದನ್ನು ಮೊದಲಿನಿಂದಲೇ ಬಳಸುವುದು ಮಿತವ್ಯಯದ ಕ್ರಮ. ಸವೆಯುವುದು ಚಿಕ್ಕ ಸಾಧನವಾಗಲಿ, ಲ್ಯಾಪ್‌ಟಾಪಿನ ರಂಧ್ರ ಸವೆಯದಿರಲಿ.

ದೃಷ್ಟಿಯಿಲ್ಲದ ಓದುಗರ ಯಂತ್ರ

ದೃಷ್ಟಿಯುಳ್ಳವರಿಗೆ ಧ್ವನಿ ಹೋದರೆ ಪರದೆ ಉಳಿಯುತ್ತದೆ. ಎನ್‌ವಿಡಿಎ ಬಳಸುವವರಿಗೆ ಧ್ವನಿ ಹೋದರೆ ಪರದೆಯೂ ಹೋಗುತ್ತದೆ. ದೋಷ ಯಾವುದೆಂದು ಓದಿ ತಿಳಿಯುವ ಸಾಧನವೇ ನಿಂತಿರುತ್ತದೆ. ಆ ಕಾರಣ ಮೇಲ್ವಿಚಾರಕರು ಕೆಲವು ವಿಷಯಗಳನ್ನು ವಿಶೇಷವಾಗಿ ತಿಳಿದಿರಬೇಕು.

ಮೊದಲು, ಹೋದದ್ದು ಯಂತ್ರದ ಧ್ವನಿಯೋ ಎನ್‌ವಿಡಿಎಯ ಮಾತೋ ಎಂದು ಬೇರ್ಪಡಿಸಬೇಕು. ಒಂದು ಹಾಡು ಹಾಕಿದರೆ ಗೊತ್ತಾಗುತ್ತದೆ. ಹಾಡು ಕೇಳಿ, ಮಾತು ಮಾತ್ರ ಕೇಳದಿದ್ದರೆ ಜ್ಯಾಕಿನ ತಂಟೆಗೆ ಹೋಗುವ ಅಗತ್ಯವಿಲ್ಲ. ಇನ್ಸರ್ಟ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಎನ್‌ವಿಡಿಎಯ ಮಾತಿನ ವಿಧಾನ ಬದಲಾಗುತ್ತದೆ. ಆಕಸ್ಮಿಕವಾಗಿ ಒತ್ತಿದಾಗ ಮಾತು ನಿಂತಿರಬಹುದು. ಮಾತು ಮರಳುವವರೆಗೆ ಅದನ್ನೇ ನಿಧಾನವಾಗಿ ಪುನಃ ಒತ್ತಬೇಕು. ತಂತ್ರಾಂಶವೇ ನಿಂತಿದ್ದರೆ ಸಾಮಾನ್ಯವಾಗಿ ಕಂಟ್ರೋಲ್, ಆಲ್ಟ್ ಮತ್ತು ಎನ್ ಕೀಲಿಗಳಿಂದ ಅದು ಮತ್ತೆ ಆರಂಭವಾಗುತ್ತದೆ. ಅದೂ ಆಗದಿದ್ದರೆ ವಿಂಡೋಸ್, ಕಂಟ್ರೋಲ್ ಮತ್ತು ಎಂಟರ್ ಒತ್ತಿದರೆ ವಿಂಡೋಸಿನ ಸ್ವಂತ ಓದುಗ ತಂತ್ರಾಂಶವಾದ ನರೇಟರ್ ಮಾತನಾಡುತ್ತದೆ.

ಎರಡನೆಯದಾಗಿ, ಎನ್‌ವಿಡಿಎಯ ಸೆಟ್ಟಿಂಗ್ಸ್‌ನಲ್ಲಿ ಧ್ವನಿ ಹೊರಹೋಗುವ ಸಾಧನವನ್ನು ನಿರ್ದಿಷ್ಟ ಹೆಡ್‌ಫೋನಿಗೆ ಕಟ್ಟಿಹಾಕದೆ "ಡೀಫಾಲ್ಟ್" ಎಂದೇ ಇಡಬೇಕು.

ಮೂರನೆಯದಾಗಿ, ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡುವ ಕೆಲಸವನ್ನು ದೃಷ್ಟಿಯಿಲ್ಲದ ಓದುಗರೊಬ್ಬರಿಗೇ ಬಿಡಬಾರದು. ಅನ್‌ಇನ್‌ಸ್ಟಾಲ್ ಆದ ಕ್ಷಣದಿಂದ ರೀಸ್ಟಾರ್ಟ್ ಆಗುವವರೆಗೆ ಯಂತ್ರ ಮೂಕವಾಗಿರುತ್ತದೆ. ಪಕ್ಕದಲ್ಲಿ ಕಣ್ಣುಳ್ಳ ಒಬ್ಬರು ಇರಲೇಬೇಕು.

ನಾಲ್ಕನೆಯದು ತಾಂತ್ರಿಕವಾದುದಲ್ಲ. ಯಂತ್ರವನ್ನು ಬಳಸುವವರನ್ನು ಕೇಳಬೇಕು. ಎನ್‌ವಿಡಿಎಯನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಜೇಮ್ಸ್ ಟೆ ಅವರೊಡನೆ ಸೇರಿ ಅದನ್ನು ಬೆಳೆಸಿದರು. ಇಬ್ಬರಿಗೂ ದೃಷ್ಟಿಯಿಲ್ಲ. ದುಬಾರಿ ತಂತ್ರಾಂಶಗಳನ್ನು ಕೊಳ್ಳಲಾಗದವರಿಗೆ ಉಚಿತವಾಗಿ ದೊರೆಯಲೆಂದು ಅವರು ರೂಪಿಸಿದ ತಂತ್ರಾಂಶ ಇಂದು ಕನ್ನಡವನ್ನೂ ಓದುತ್ತದೆ. ಧ್ವನಿಯ ಮೂಲಕವೇ ಕಂಪ್ಯೂಟರನ್ನು ಬಲ್ಲವರಿಗೆ ಧ್ವನಿಯ ದೋಷ ಇತರರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಹನ್ನೊಂದು ದಿನಗಳ ಹಿಂದೆಯೇ ಆ ಯುವತಿಯನ್ನು ಕೇಳಿದ್ದರೆ ಪ್ರಶ್ನೆ ಅರ್ಧ ನಿಮಿಷದಲ್ಲಿ ಬಗೆಹರಿಯುತ್ತಿತ್ತು.

ಪಾಲಿಸಬೇಕಾದ ಅಂಶಗಳು

1. ಧ್ವನಿ ನಿಂತ ದಿನವೇ ಹೆಡ್‌ಫೋನ್ ಜೋಡಿಸಿ ಪರೀಕ್ಷಿಸತಕ್ಕದ್ದು. ಕೇಳಿದಲ್ಲಿ ಯಂತ್ರವನ್ನು ಬೀರುವಿನಲ್ಲಿಡದೆ ಬಳಕೆಗೆ ಕೊಡತಕ್ಕದ್ದು.

2. ಆಯ್ಕೆ, ರೀಸ್ಟಾರ್ಟ್, ಸೇವೆ ಮತ್ತು ಡ್ರೈವರ್, ಶುಚಿ ಎಂಬ ಕ್ರಮದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ದಿನಾಂಕದೊಂದಿಗೆ ಒಂದು ವಹಿಯಲ್ಲಿ ಬರೆದಿಡತಕ್ಕದ್ದು.

3. ದುರಸ್ತಿಯ ಅಂದಾಜು ಪಟ್ಟಿಯನ್ನು ಅನುಮೋದನೆಗೆ ಮಂಡಿಸುವಾಗ ಈ ವಹಿಯ ಪ್ರತಿಯನ್ನು ಲಗತ್ತಿಸತಕ್ಕದ್ದು.

4. ಹೆಡ್‌ಫೋನ್ ತೆಗೆದ ನಂತರವೇ ಮುಚ್ಚಳ ಮುಚ್ಚತಕ್ಕದ್ದು. ತಂತಿಯನ್ನು ಹಿಡಿದು ಎಳೆಯದೆ ಕಡ್ಡಿಯ ಬುಡವನ್ನು ಹಿಡಿದು ತೆಗೆಯತಕ್ಕದ್ದು.

5. ಯಂತ್ರವನ್ನು ಹೊರಗೆ ಕಳುಹಿಸಬೇಕಾದಲ್ಲಿ ಅದನ್ನು ನಿತ್ಯ ಬಳಸುವ ವಿಕಲಚೇತನ ಓದುಗರಿಗೆ ಮುಂಚಿತವಾಗಿ ತಿಳಿಸಿ, ಬದಲಿ ಯಂತ್ರದ ವ್ಯವಸ್ಥೆ ಮಾಡತಕ್ಕದ್ದು. ಪಂಚಾಯಿತಿ ಕಚೇರಿಯ ಕಂಪ್ಯೂಟರನ್ನು ದಿನಕ್ಕೆ ಒಂದೆರಡು ಗಂಟೆ ಬಿಟ್ಟುಕೊಟ್ಟರೂ ಸಾಕು.

ಮಾನ್ಯರೇ, ಆ ಅರಿವು ಕೇಂದ್ರದಲ್ಲಿ ಈಗ ಲ್ಯಾಪ್‌ಟಾಪಿನ ಪಕ್ಕಕ್ಕೆ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಅಂಟುಪಟ್ಟಿಯಿಂದ ಭದ್ರಪಡಿಸಲಾಗಿದೆ. ಮಕ್ಕಳ ಕಥೆ ಸ್ಪೀಕರಿನಲ್ಲಿ ಕೇಳುತ್ತದೆ, ಮಧ್ಯಾಹ್ನದ ಪಾಠ ಹೆಡ್‌ಫೋನಿನಲ್ಲಿ. ಕಳೆದ ಹನ್ನೊಂದು ದಿನಗಳನ್ನು ಯಾರೂ ಆಕೆಗೆ ಹಿಂದಿರುಗಿಸಲಾರರು. ಉಳಿದ ದಿನಗಳಲ್ಲಿ ಕೇಂದ್ರದ ಬಾಗಿಲನ್ನು ಸಂಜೆ ಒಂದು ಗಂಟೆ ತಡವಾಗಿ ಮುಚ್ಚಲು ಮೇಲ್ವಿಚಾರಕಿಯವರು ತಾವಾಗಿಯೇ ಒಪ್ಪಿಕೊಂಡರು. "ನೀನು ಓದು ತಾಯಿ, ನಾನು ಕೂತಿರ್ತೀನಿ" ಎಂದರಂತೆ.

 ಚಹಾ ವಿರಾಮದ ನಂತರ ಪ್ರತಿಯೊಬ್ಬರೂ ತಾವು ತಂದಿರುವ ಲ್ಯಾಪ್‌ಟಾಪಿನಲ್ಲಿ ಈ ಹಂತಗಳನ್ನು ಒಮ್ಮೆ ಮಾಡಿ ನೋಡಬೇಕಾಗಿ ವಿನಂತಿ.